ಖಂಡನೆಗೆ ಎದ್ದು ನಿಂತವಳು

ಹಾಲುಗೊಪ್ಪದ ಪಟ್ಟಣ ಪಂಚಾಯ್ತಿ ಸಭಾಂಗಣದಲ್ಲಿ ಎರಡು ಬಗೆಯ ಕುರ್ಚಿಗಳಿವೆ. ಮೇಜಿನ ಸುತ್ತ ಇರುವ ಮೆತ್ತೆ ಕುರ್ಚಿಗಳು ಸದಸ್ಯರಿಗೆ. ಗೋಡೆಗೆ ತಾಗಿಸಿ ಹಾಕಿರುವ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ಸದಸ್ಯೆಯರ ಗಂಡಂದಿರಿಗೆ. ಈ ಎರಡನೇ ಸಾಲಿನ ಮಾತು ಯಾವ ಕಾಯ್ದೆಯಲ್ಲೂ ಇಲ್ಲ ನಿಜ. ಆದರೆ ಊರಿನ ಲೈಟು, ನಲ್ಲಿ, ಚರಂಡಿಗಳ ಹಣೆಬರಹವೆಲ್ಲ ತೀರ್ಮಾನವಾಗುವುದು ಅಲ್ಲೇ.

ಆರನೇ ವಾರ್ಡಿನ ಸದಸ್ಯೆ ನಾಗಲಕ್ಷ್ಮಿಯ ಗಂಡ ಶಶಿಕುಮಾರನದು ಆ ಸಾಲಿನಲ್ಲಿ ಕಿಟಕಿ ಪಕ್ಕದ ಕುರ್ಚಿ. ಅವನು ಆ ವಾರ್ಡಿಗಾಗಿ ಹತ್ತು ವರ್ಷ ಎಲ್ಲರ ಮನೆ ಮದುವೆ, ತಿಥಿ ಅಂತ ಅಲೆದಿದ್ದ. ಕೊನೆಗೆ ವಾರ್ಡು ಮಹಿಳೆಗೆ ಮೀಸಲಾಗಿ ಕೂತಿತು. ಎರಡು ದಿನ ಅನ್ನ ಬಿಟ್ಟ, ಮೂರನೇ ದಿನ ಹೆಂಡತಿಯ ಆಧಾರ್ ಕಾರ್ಡು ಹುಡುಕಿದ. ಗೆದ್ದದ್ದು ಅವಳು, ಹಾರ ಬಿದ್ದದ್ದು ಅವನ ಕೊರಳಿಗೆ. ಅಂದಿನಿಂದ ಸಭೆಯಲ್ಲಿ ಅವಳ ಹೆಸರು ಕರೆದರೆ ಕಿಟಕಿ ಕಡೆಯಿಂದ ಉತ್ತರ ಬರುತ್ತಿತ್ತು.

ಒಂದೇ ಒಂದು ಸಲ ಹಾಗಾಗಲಿಲ್ಲ. ಆಗ ಮುಖ್ಯಾಧಿಕಾರಿಯಾಗಿದ್ದವರು ಅರಕಲಗೂಡು ಕಡೆಯ ರುದ್ರಯ್ಯ. ಒಂದು ಸಭೆಯಲ್ಲಿ ಅವರು, "ಸದಸ್ಯರಲ್ಲದವರು ದಯವಿಟ್ಟು ಹೊರಗಿರಿ" ಅಂದುಬಿಟ್ಟರು. ಗಂಡಂದಿರು ಗೊಣಗುತ್ತಾ ಜಗುಲಿಗೆ ಹೋದ ಮೇಲೆ ನಾಗಲಕ್ಷ್ಮಿಯ ಕಡೆ ತಿರುಗಿ, "ಅಮ್ಮಾ, ನೀವು ಹೇಳಿ" ಅಂದರು. ಅವಳು ಹೇಳಿದಳು. ದಂಡಿಗನಹಳ್ಳಿ ಕಡೆಯಿಂದ ಸಂತೆಗೆ ಸೊಪ್ಪು, ಅವರೆಕಾಯಿ ಮಾರಲು ಬರುವ ಹೆಂಗಸರು ಬೆಳಗಿನಿಂದ ಸಂಜೆವರೆಗೂ ಒಂದು ತೊಟ್ಟು ನೀರು ಕುಡಿಯುವುದಿಲ್ಲ, ಯಾಕೆಂದರೆ ಅಲ್ಲಿ ಅವರಿಗೊಂದು ಶೌಚಾಲಯವಿಲ್ಲ. ಅಷ್ಟೇ ಮಾತು. ಆ ವರ್ಷವೇ ಸಂತೆಮಾಳದಲ್ಲಿ ಶೌಚಾಲಯ ಎದ್ದಿತು. ಅದರ ಬೆನ್ನಿಗೇ ರುದ್ರಯ್ಯನವರಿಗೆ ವರ್ಗವೂ ಆಯಿತು.

ಈಗ ರುದ್ರಯ್ಯ ನಿವೃತ್ತರು. ಎದುರು ಪಕ್ಷ ಸೇರಿ ಭಾಷಣ ಮಾಡಿಕೊಂಡು ತಿರುಗುತ್ತಿದ್ದಾರೆ. ಕಳೆದ ಭಾನುವಾರ ಹಾಲುಗೊಪ್ಪದ ಬಸ್ ಸ್ಟ್ಯಾಂಡಿನ ಮುಂದೆ ಮೈಕು ಹಿಡಿದು ಅಂದರು: "ಈ ಊರಲ್ಲಿ ಹೆಂಗಸರು ಗೆಲ್ಲುತ್ತಾರೆ, ಗಂಡಸರು ಕೂರುತ್ತಾರೆ. ನಾನಿಲ್ಲಿ ಕೆಲಸ ಮಾಡಿದಷ್ಟು ಕಾಲ ಒಬ್ಬ ಹೆಣ್ಣುಮಗಳ ಬಾಯಿಂದ ಮಾತು ಬಂದದ್ದು ಒಂದೇ ಸಲ. ಅದೂ ಗಂಡನನ್ನು ಆಚೆ ಕಳಿಸಿದ ಮೇಲೆ!"

ಅವರು ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವ ಹಾಗೆ ಕೆಂಪು ಕುರ್ಚಿಗಳ ಸಾಲಿಗೆ ಸಾಲೇ ಕೆರಳಿತು. ಭಾಷಣದ ವಿಡಿಯೊ ಶಾಂತಿಗ್ರಾಮ ದಾಟಿ ಹಾಸನ ಮುಟ್ಟುವ ಹೊತ್ತಿಗೆ ಪಂಚಾಯ್ತಿ ಅಧ್ಯಕ್ಷ ಗಂಗಯ್ಯ ತೀರ್ಮಾನ ಮಾಡಿಯಾಗಿತ್ತು. ಮಾಜಿ ಮುಖ್ಯಾಧಿಕಾರಿ ಮಹಿಳಾ ಕುಲಕ್ಕೇ ಅವಮಾನ ಮಾಡಿದ್ದಾರೆ, ಸಭೆ ಕರೆದು ಖಂಡನಾ ನಿರ್ಣಯ ಪಾಸು ಮಾಡಬೇಕು. ಅದನ್ನು ಹೆಂಗಸೇ ಮಂಡಿಸಬೇಕು, ಅದೂ ನಾಗಲಕ್ಷ್ಮಿಯೇ. ಮಂಡಿಸಿದರೆ ಮುಂದಿನ ಸಲ ಅಧ್ಯಕ್ಷಗಿರಿ ಅವಳಿಗೆ ಅಂತ ಪಕ್ಷದ ಮುಖಂಡರಾದ ಹಾಸನದ ಸಾಹೇಬರು ಫೋನಿನಲ್ಲಿ ಮಾತು ಕೊಟ್ಟರು, ಶಶಿಕುಮಾರನಿಗೆ.

ಓದಬೇಕಾದ್ದನ್ನು ಶಶಿಕುಮಾರ ತಾನೇ ಬರೆದು ತಂದು ಅಡುಗೆಮನೆ ಕಟ್ಟೆಯ ಮೇಲಿಟ್ಟ.

"ಅವ್ರು ಸುಳ್ಳು ಯೋಳ್ಳಿಲ್ಲ ಕಣ್ರೀ" ಅಂದಳು ನಾಗಲಕ್ಷ್ಮಿ.

"ನಿಜ ಯೋಳಿದ್ಕೇ ಕಣೆ ಖಂಡಿಸ್ಬೇಕಾಗಿರದು. ಸುಳ್ಳಾಗಿದ್ರೆ ಯಾವನ್ ತಲೆ ಕೆಡಿಸ್ಕೊತಿದ್ದ?"

"ನನ್ ಕೈಲಾಗದಿಲ್ಲ. ಉಸಾರಿಲ್ಲ ಅಂದ್ಬುಡಿ."

"ಅಂಗಾರೆ ಡಾಕ್ಟ್ರುನ್ನೂ ಸಭೆಗೇ ಕರ್ಕೊಂಡ್ ಬತ್ತೀನಿ."

ಅತ್ತೆ ಕಾಮಾಕ್ಷಮ್ಮ ನಡುಮನೆಯಿಂದಲೇ ಕೂಗಿದಳು. "ಗಂಡನ್ ಮರ್ವಾದೆ ಊರ್ ಮುಂದೆ ಕಳದ್ಬುಟ್ಟು ಯಾವ್ ಮನೆಗೋಯ್ತೀಯವ್ವ? ಅದೇನ್ ಓದು ಅಂದ್ರೆ ಓದಿ ಬರದಪ್ಪ."

ನಾಗಲಕ್ಷ್ಮಿಗೆ ಬಾಯಲ್ಲಿ ಬಿಸಿ ತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಓದಿದರೆ ತನಗೆ ಬಾಯಿ ಕೊಟ್ಟವರ ಮೇಲೆ ಅದೇ ಬಾಯಲ್ಲಿ ಕಲ್ಲು ಹಾಕಿದಂತೆ. ಓದದಿದ್ದರೆ ಈ ಮನೆಯಲ್ಲಿ ಗಂಟಲಿಗೆ ನೀರಿಳಿಯುವುದಿಲ್ಲ. ಮುದ್ದೆ ತಿರುವುತ್ತಾ ತಿರುವುತ್ತಾ ಅವಳಿಗೆ ರೋಷ ಬಂತು. ಇಷ್ಟು ವರ್ಷ ಸುಮ್ಮನಿದ್ದು ಏನು ಸಿಕ್ಕಿತು? ಎದ್ದು ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು, ಆಮೇಲೆ ಏನಾದರೂ ಆಗಲಿ. ಅದನ್ನು ನಿಶ್ಚಯ ಮಾಡಿಕೊಂಡ ಮೇಲೆ ಚೀಟಿಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಶಶಿಕುಮಾರನಿಗೆ ಪರಮಾನಂದವಾಯಿತು.

ಸಭೆಯ ದಿನ ಕೆಂಪು ಕುರ್ಚಿಗಳು ಸಾಲದೆ ಪಕ್ಕದ ಹೋಟೆಲಿನಿಂದ ತರಿಸಿದ್ದರು. ಗಂಗಯ್ಯ ಮೇಜಿನ ಗಂಟೆ ಬಾರಿಸಿ, "ಖಂಡನಾ ನಿರ್ಣಯದ ಸೂಚಕರು" ಅಂದ. ನಾಗಲಕ್ಷ್ಮಿ ಎದ್ದು ನಿಂತಳು. ಚೀಟಿ ಬ್ಯಾಗಿನಲ್ಲೇ ಉಳಿಯಿತು.

"ರುದ್ರಯ್ಯ ಸಾರ್ ಯೋಳಿದ್ರಲ್ಲಿ ತೆಪ್ಪೇನೂ ಇಲ್ಲ" ಅಂದಳು. "ಆ ಒಂದ್ಸಲ ಮಾತಾಡಿದೋಳು ನಾನೇ. ಅದುಕ್ ಮುಂಚೆ ನಾನು ಇಲ್ಲಿ ಬಾಯಿ ಬುಟ್ಟಿಲ್ಲ, ಆಮೇಕೂ ಬುಟ್ಟಿಲ್ಲ. ನನ್ ಹೆಸ್ರು ಕರುದ್ರೆ ನಮ್ಮನೆಯೋರು ಮಾತಾಡ್ತಾರೆ. ಪಕ್ಕದ್ ವಾರ್ಡಿನ್ ದಾಕ್ಷಾಯಣಮ್ಮೋರ್ದೂ ಅದೇ ಕತೆ. ಇದ್ರಲ್ಲಿ ನಮ್ಗೆ ಅವ್ಮಾನ ಮಾಡಿರೋರು ಅವ್ರಲ್ಲ. ಈ ಗ್ವಾಡೆ ಪಕ್ಕ ಕೂತಿರೋರು."

ಶಶಿಕುಮಾರ ಕುರ್ಚಿಯಿಂದ ಅರ್ಧ ಎದ್ದು ಅಲ್ಲೇ ನಿಂತುಬಿಟ್ಟಿದ್ದ. ನಾಗಲಕ್ಷ್ಮಿಗೆ ಎದೆಯ ಮೇಲಿನ ಭಾರವೆಲ್ಲ ಇಳಿದು ಮೈ ಹಗುರವಾಯಿತು. ಅಷ್ಟು ಸಂತೋಷ ಅವಳಿಗೆ ಗೆದ್ದ ದಿನವೂ ಆಗಿರಲಿಲ್ಲ.

ಆಗ ಗಂಗಯ್ಯ ಚಪ್ಪಾಳೆ ತಟ್ಟಿದ. ಗಂಗಯ್ಯ ಮೂರು ಪಕ್ಷದ ಉಪ್ಪು ತಿಂದವನು. ಬಿದ್ದರೂ ಮೀಸೆಗೆ ಮಣ್ಣು ತಾಗಿಸಿಕೊಳ್ಳುವ ಆಸಾಮಿಯಲ್ಲ.

"ಕೇಳುದ್ರೇನ್ರಪ್ಪ! ಈ ಪಂಚಾಯ್ತೀಲಿ ಎಣ್ಮಕ್ಳು ಬಾಯೇ ಬುಡದಿಲ್ಲ ಅಂದ್ನಲ್ಲ ಆ ಪುಣ್ಯಾತ್ಮ? ಇಗೋ ನೋಡಿ, ಗಂಡ ಎದ್ರುಗೇ ಕೂತವ್ನೆ, ನಮ್ ನಾಗಲಕ್ಷ್ಮಮ್ಮ ಎಂಗೆ ಮಾತಾಡುದ್ರು! ನಮ್ಮನ್ನೂ ಬುಡ್ಲಿಲ್ಲ. ಆ ವಯ್ಯ ಯೋಳಿದ್ದು ಸುಳ್ಳು ಅನ್ನಕೆ ಇದ್ಕಿಂತ ಸಾಕ್ಷಿ ಬೇಕಾ?"

ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ. ಹೊಳೆದ ಮೇಲೆ ಮೇಜು ಕುಟ್ಟಿದ್ದೇ ಕುಟ್ಟಿದ್ದು. ಶಶಿಕುಮಾರನೂ ನಿಧಾನವಾಗಿ ಕೂತು ಕುಟ್ಟಲು ಮೇಜು ಸಿಗದೆ ತೊಡೆ ಕುಟ್ಟಿಕೊಂಡ.

"ಅಂಗಲ್ಲ! ನಾನು ಇರೋಧ ಮಾಡಿದ್ದು. ಮಂಡ್ಸಿಲ್ಲ ನಾನು" ಅಂದಳು ನಾಗಲಕ್ಷ್ಮಿ.

"ಸೂಚಕರು ಅಂತ ಕರುದ್ನಲ್ಲವ್ವ, ನೀನೇ ತಾನೆ ಎದ್ದಿದ್ದು? ಇನ್ನೇನು ಮತ್ತೆ!"

ಹಾಲುಗೊಪ್ಪದ ಪದ್ಧತಿ ಅದು. ಸೂಚಕರು ಅಂದಾಗ ಯಾರು ಏಳುತ್ತಾರೋ ನಿರ್ಣಯ ಅವರದು. ಎದ್ದವರು ಏನು ಹೇಳಿದರು ಅನ್ನುವುದನ್ನು ನಡಾವಳಿಯಲ್ಲಿ ಬರೆಯುವುದಿಲ್ಲ, ಹೆಸರನ್ನು ಮಾತ್ರ ಬರೆಯುತ್ತಾರೆ. ಸುಮ್ಮನೆ ಕೂತಿದ್ದರೆ ಗಂಗಯ್ಯ ಇನ್ನೊಬ್ಬಳನ್ನು ಹುಡುಕಬೇಕಾಗಿತ್ತು. ಇಷ್ಟು ವರ್ಷ ಕೂತೇ ಇದ್ದ ಅವಳು, ಕೂರಬೇಕಾಗಿದ್ದ ಒಂದೇ ಒಂದು ದಿನ ಎದ್ದುಬಿಟ್ಟಿದ್ದಳು. "ಅನುಮೋದಕರು" ಅಂದ ಗಂಗಯ್ಯ. ದಾಕ್ಷಾಯಣಮ್ಮ ಗೋಡೆಯ ಕಡೆ ನೋಡಿದಳು, ಗೋಡೆಯ ಕಡೆಯ ತಲೆ ಅಲ್ಲಾಡಿತು, ಅವಳ ಕೈ ಮೇಲೆದ್ದಿತು. ಸರ್ವಾನುಮತ ಅಂತ ಓದಿದರು. ನಾಗಲಕ್ಷ್ಮಿ "ಅಂಗಲ್ಲ" ಅನ್ನುತ್ತಲೇ ಇದ್ದಳು. ಅಷ್ಟರಲ್ಲಿ ಬೋಂಡ, ಟೀ ಬಂತು.

ಮನೆಗೆ ಹೋಗುವಾಗ ಬೈಕಿನ ಹಿಂದೆ ಅವಳು ಮೈ ಬಿಗಿಹಿಡಿದು ಕೂತಿದ್ದಳು. ಈಗ ಬೈತಾನೆ, ಈಗ ಬೈತಾನೆ. ಶಶಿಕುಮಾರ ಕತ್ತು ತಿರುಗಿಸಿ ನಕ್ಕ.

"ಭಲೇ ಕಣೆ! ಮೊದ್ಲು ಜೀವ ಬಾಯಿಗ್ ಬಂದ್ಬುಟ್ಟಿತ್ತು. ನಾನ್ ಬರ್ದಿದ್ಕಿಂತ ಚೆನ್ನಾಗಾಯ್ತು. ಆಗ್ಲೇ ಸಾಹೇಬ್ರಿಗೆ ವಿಡಿಯೊ ಓಗ್ಬುಟ್ಟದೆ. ಇನ್ಮೇಕೆ ತಿಂಗ್ಳಿಗೊಂದ್ಸಲ ಇಂಗೇ ನಾಕ್ ಮಾತಾಡು."

ಅವನು ಬೈದಿದ್ದರೆ, ಒಂದೇಟು ಹೊಡೆದೇ ಬಿಟ್ಟಿದ್ದರೂ, ತಾನು ಹೇಳಿದ್ದು ಯಾರಿಗೋ ತಾಗಿತು ಅಂತಾದರೂ ಆಗುತ್ತಿತ್ತು. ಅವಳಿಗೆ ಅಳು ಬಂತು. ಕನ್ನಡಿಯಲ್ಲಿ ಕಂಡು, ಗಾಳಿಗೆ ಕಣ್ಣಲ್ಲಿ ನೀರು ಅಂದುಕೊಂಡು ಅವನು ಬೈಕು ನಿಧಾನ ಮಾಡಿದ.

ಸಂಜೆ ಹಿತ್ತಲಿಗೆ ಹೋಗಿ ರುದ್ರಯ್ಯನವರಿಗೆ ಫೋನು ಮಾಡಿದಳು. ಇಡೀ ಲೋಕದಲ್ಲಿ ಅವರೊಬ್ಬರಿಗೆ ತಿಳಿದರೆ ಸಾಕಾಗಿತ್ತು.

"ಸಾ, ನಾನು ನಾಗಲಕ್ಷ್ಮಿ. ಇವತ್ತು ಸಭೇಲಿ ನಾನು—"

"ಗೊತ್ತಮ್ಮಾ, ಗೊತ್ತು" ಅಂದರು ರುದ್ರಯ್ಯ. ದನಿಯಲ್ಲಿ ಸ್ವಲ್ಪವೂ ಸಿಟ್ಟಿರಲಿಲ್ಲ. "ನಿರ್ಣಯದ ಕಾಪಿ ವಾಟ್ಸಾಪಲ್ಲಿ ಬಂತು. ನನಗೇನೂ ಬೇಜಾರಿಲ್ಲ."

"ಅದಲ್ಲ ಸಾ, ನಾನು ಯೋಳಿದ್ದು—"

"ನೀವೇನೂ ಹೇಳೋದೇ ಬೇಡಮ್ಮಾ. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ. ಈಗ ಚನ್ನರಾಯಪಟ್ಟಣದಲ್ಲಿ ನಮ್ಮ ಸಭೆ ಇದೆ, ಮೈಕ್ ಮುಂದೇನೇ ಇದ್ದೀನಿ. ಆ ಬಡಪಾಯಿ ಹೆಣ್ಣುಮಗಳ ಕೈಲಿ ಚೀಟಿ ಕೊಟ್ಟು ಹೇಗೆ ಓದಿಸಿದರು ಅಂತ ನಿಮ್ಮ ಪರವಾಗಿ ನಾನು ಮಾತಾಡ್ತೀನಿ. ನೀವು ಧೈರ್ಯವಾಗಿರಿ."

"ನಾನು ಓದ್ನಿಲ್ಲ ಸಾ" ಅಂದಳು ನಾಗಲಕ್ಷ್ಮಿ. ಆ ಕಡೆಯಿಂದ ಫೋನು ಇಟ್ಟಾಗಿತ್ತು.