ತಾನಾಗಿ ಆರದ ರೇಡಿಯೊ

ಊರಿನ ಪುಟ್ಟ ರೇಡಿಯೊ ಕೇಂದ್ರವಿದ್ದದ್ದು ಹಿಟ್ಟಿನ ಗಿರಣಿಯ ಮಹಡಿಯಲ್ಲಿ. ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದವನು ಎದುರಿನ ಅಂಗಡಿಯ ಕ್ಷೌರಿಕ. ಕತ್ತರಿಗಿಂತ ನಾಲಿಗೆಯೇ ಚುರುಕು. ಕೆಳಗೆ ಗಿರಣಿ ಶುರುವಾದರೆ ಸಾಕು, ಕೇಂದ್ರದ ಹಳೆಯ ಕಂಪ್ಯೂಟರ್ ಕರೆಂಟು ಸಾಲದೆ ಕಣ್ಣು ಮುಚ್ಚುತ್ತಿತ್ತು. ಹೀಗಾಗಿ ಕಾರ್ಯಕ್ರಮ ಮುಗಿಸುವ ವಿದ್ಯೆಯನ್ನು ಅವನು ಕಲಿತೇ ಇರಲಿಲ್ಲ. ಆ ಕೆಲಸ ಗಿರಣಿಯದು.

ನೋಡಿ ನೋಡಿ ಸಾಕಾಗಿ ಅವನ ಅಕ್ಕನ ಮಗಳು, ರಿಪೇರಿ ಅಂಗಡಿಯವಳು, ಸೋಪಿನ ಡಬ್ಬಿಯಷ್ಟೇ ಇರುವ ಕಂಪ್ಯೂಟರೊಂದನ್ನು ಜೋಡಿಸಿಕೊಟ್ಟಳು. ಸ್ಕೂಟರಿನ ಬ್ಯಾಟರಿಯಲ್ಲೇ ದಿನವಿಡೀ ಓಡುತ್ತದೆ, ಅಂಗಡಿಯಲ್ಲಿಟ್ಟರೂ ಗಿರಣಿಯ ಮೇಲಿನ ಪ್ರಸಾರದ ಕಂಬಕ್ಕೆ ಮಾತು ಮುಟ್ಟಿಸುತ್ತದೆ, ಕಂಬಕ್ಕೂ ಬ್ಯಾಟರಿ ಹಾಕಿದ್ದೇನೆ ಎಂದಳು. ಮುಗಿದ ಮೇಲೆ ಈ ಗುಂಡಿ ಒತ್ತಬೇಕು ಎಂದೂ ಹೇಳಿದಳು. ಅದು ಮಾವನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಯಿತು.

ಮರುದಿನ ಡಬ್ಬಿಯನ್ನು ಅಂಗಡಿಯ ಕನ್ನಡಿಯ ಕೆಳಗಿಟ್ಟುಕೊಂಡು ಹವಾಮಾನ, ತರಕಾರಿ ಬೆಲೆ ಎಲ್ಲ ಹೇಳಿದ. ರಸ್ತೆಯಾಚೆ ಗಿರಣಿ ಗುರ್ರೆಂದಿತು. ಇವತ್ತಿಗೆ ಮುಗಿಯಿತು ಎಂದುಕೊಂಡು, ಕುರ್ಚಿಯಲ್ಲಿ ಕೂತಿದ್ದ, ಊರಿನ ನಲ್ಲಿಗಳಿಗೆ ನೀರು ಬಿಡುವವನ ಕೆನ್ನೆಗೆ ನೊರೆ ಹಚ್ಚತೊಡಗಿದ.

ಮೇಲಿನ ಬೀದಿಗೆ ನೀರು ಬಾರದೆ ವಾರವಾಗಿತ್ತು. ಪೈಪು ಒಡೆದಿದೆ ಎಂದು ಎಲ್ಲರಿಗೂ ಸಬೂಬು ಹೇಳುತ್ತಿದ್ದವನಿಗೆ, ಕುರ್ಚಿ ಹಿಂದಕ್ಕೆ ಬಾಗುತ್ತಲೇ ಮನಸ್ಸೂ ಸಡಿಲವಾಯಿತು.

"ಪೈಪೂ ಇಲ್ಲ ಗೀಪೂ ಇಲ್ಲ ಕಣೋ. ವಾಲ್ವಿನ ಹತ್ರ ದರ್ಜಿಯಮ್ಮನ ನಾಯಿ ಮರಿ ಹಾಕಿದೆ. ನನ್ನ ಕಂಡ್ರೆ ಮೈಮೇಲೇ ಬರುತ್ತೆ."

ಕ್ಷೌರಿಕ ಹೊಟ್ಟೆ ಹಿಡಿದು ನಕ್ಕ. ತಾನೂ ಒಂದು ಗುಟ್ಟು ಬಿಚ್ಚಿದ: ಹೆಂಡತಿ ರೇಡಿಯೊದಲ್ಲಿ ಹೇಳಿಕೊಡುವ ಅಡುಗೆಗಳಲ್ಲಿ ಒಂದನ್ನಾದರೂ ಮನೆಯ ತಟ್ಟೆಯಲ್ಲಿ ಕಂಡವನಲ್ಲ.

ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಖಾಲಿ ಕೊಡಗಳ ಸದ್ದಾಯಿತು. ಮೇಲಿನ ಬೀದಿಯ ಹೆಂಗಸರು. ಮುಂದೆ ದರ್ಜಿಯಮ್ಮ, ಪಕ್ಕದಲ್ಲಿ ಕ್ಷೌರಿಕನ ಹೆಂಡತಿ. ಅವಳು ಗಂಡನ ಮುಖ ನೋಡಲಿಲ್ಲ. ನೆಟ್ಟಗೆ ಡಬ್ಬಿಯ ಮುಂದೆ ಬಾಗಿದಳು.

"ಕೇಳುಗರೇ, ಇವತ್ತು ಇವರಿಗೆ ಮನೇಲಿ ಊಟ ಇಲ್ಲ. ಮಾಡೋ ವಿಧಾನ ತುಂಬಾ ಸುಲಭ. ಒಲೆ ಹಚ್ಚಬಾರದು, ಅಷ್ಟೇ."

ಡಬ್ಬಿಯ ಹಸಿರು ದೀಪ ಇನ್ನೂ ಉರಿಯುತ್ತಿದ್ದುದು ಕ್ಷೌರಿಕನಿಗೆ ಆಗ ಕಂಡಿತು. ಊರಿಗೆ ಊರೇ ಎಲ್ಲವನ್ನೂ ಕೇಳಿಸಿಕೊಂಡಿತ್ತು. ಕತ್ತಿ ಹಿಡಿದ ಕೈಯಲ್ಲೇ ಗುಂಡಿ ಹುಡುಕತೊಡಗಿದ. ನೀರು ಬಿಡುವವನು ಮೆಲ್ಲಗೆ ಕುತ್ತಿಗೆ ಸರಿಸಿಕೊಂಡ.

ಪುಣ್ಯಕ್ಕೆ ದರ್ಜಿಯಮ್ಮ ಜಗಳಕ್ಕೆ ಬಂದಿರಲಿಲ್ಲ. ಮೊದಲೇ ಹೇಳಿದ್ದರೆ ನಾಯಿಯನ್ನು ಮರಿಗಳ ಸಮೇತ ಒಳಗೆ ಕಟ್ಟಿಕೊಳ್ಳುತ್ತಿದ್ದೆನಲ್ಲ ಎಂದಳು. ಅರ್ಧ ಗಡ್ಡದಲ್ಲೇ ಅವನನ್ನು ಎಬ್ಬಿಸಿ ಕರೆದೊಯ್ದರು. ಮಧ್ಯಾಹ್ನದೊಳಗೆ ನೀರು ಬಂತು. ಕ್ಷೌರಿಕನಿಗೆ ಊಟ ಮಾತ್ರ ಬರಲಿಲ್ಲ.

ಆಮೇಲೆ ಕೆಲವು ದಿನ ಗಿರಾಕಿಗಳು ತುಟಿ ಬಿಚ್ಚಲಿಲ್ಲ. ಗಡ್ಡವೋ ತಲೆಯೋ ಎಂದರೆ ಬೆರಳಲ್ಲೇ ತೋರಿಸುತ್ತಿದ್ದರು. ಹರಟೆಯಿಲ್ಲದ ಅಂಗಡಿ ಅವನಿಗೆ ಬಿಕೋ ಎನ್ನಿಸಿತು. ಹೀಗಿರುವಾಗ ಒಂದು ಬೆಳಿಗ್ಗೆ ನೀರು ಬಿಡುವವನು ಬಂದು ಕೂತ.

"ಡಬ್ಬಿ ಆನ್ ಇದೆಯಾ?"

"ಇಲ್ಲಪ್ಪ, ದೇವರಾಣೆ."

"ಹಾಗಾದ್ರೆ ಆನ್ ಮಾಡು. ಯಾವ ಬೀದಿಗೆ ಯಾವಾಗ ನೀರು ಅಂತ ನಾನೇ ಹೇಳ್ತೀನಿ. ಮನೆಮನೆಗೂ ಉತ್ತರ ಕೊಟ್ಟು ಸಾಕಾಗಿದೆ."

ಗಂಟಲು ಸರಿಮಾಡಿಕೊಂಡು, ಬೆವರೊರೆಸಿಕೊಂಡು, ಅವನು ಒಂದೊಂದೇ ಬೀದಿಯ ಹೆಸರು ಹೇಳತೊಡಗಿದ. ಕ್ಷೌರಿಕ ಬ್ರಷ್ ಹಿಡಿದುಕೊಂಡು, ಜನ್ಮದಲ್ಲೇ ಮೊದಲ ಸಲ ಬಾಯಿ ಮುಚ್ಚಿ ಕೇಳುತ್ತ ನಿಂತ.