ದಾಖಲೆಯಲ್ಲಿಲ್ಲದ ಗಂಟೆ

"ತಪ್ಪನ್ನು ನುಂಗಿಕೊಂಡು ಸುಮ್ಮನಿರೋ ಪ್ರೋಗ್ರಾಂ ಕೆಟ್ಟದ್ದು," ಎನ್ನುತ್ತಿದ್ದ ಒಗ್ನಿಯಾನ್, ಹೊಸದಾಗಿ ಸೇರಿದ ನಾಲ್ವರ ಮುಂದೆ ನಿಂತು. "ಏನಾಯ್ತು, ಎಲ್ಲಿ, ಯಾವಾಗ. ಪ್ರೋಗ್ರಾಂ ತಾನೇ ಬರೆದಿಡೋ ಲಾಗ್‌ನಲ್ಲಿ ಇಷ್ಟು ಇರಲೇಬೇಕು. 'ಇಲ್ಲಿಗೆ ಬಂತು, ಇಲ್ಲಿಗೆ ಬಂತು' ಅಂತ ಸಾವಿರ ಸಾಲು ಬರೆದ್ರೆ ಅದು ದಾಖಲೆ ಅಲ್ಲ, ಹರಟೆ."

ನಾಲ್ವರೂ ಬರೆದುಕೊಂಡರು. ಬೇರೆ ದಿನವಾಗಿದ್ದರೆ ಅವನಿಗೆ ಹಿತವೆನಿಸುತ್ತಿತ್ತು.

ಬಾಗಿಲಲ್ಲಿ ಮ್ಯಾನೇಜರ್ ರುಮೆನಾ ಕಾಣಿಸಿಕೊಂಡಳು. "ಮೇಷ್ಟ್ರೇ, ಪಾಠ ಮುಗೀತಾ? ಲಿಫ್ಟ್ ಅಜ್ಜಿ ಕತೆ ಏನಾಯ್ತು?"

ಪ್ಲೊವ್ದಿವ್ ನಗರದ ಅಂಚಿನ ಎಂಟಂತಸ್ತಿನ ಕಟ್ಟಡವೊಂದರ ಲಿಫ್ಟಿನಲ್ಲಿ, ಕಳೆದ ಮಂಗಳವಾರ, ಸ್ತೋಯ್ಕಾ ಎಂಬ ಎಪ್ಪತ್ತೊಂಬತ್ತರ ಹೆಂಗಸು ಐದು ಗಂಟೆ ಸಿಕ್ಕಿಬಿದ್ದಿದ್ದಳು. ತುರ್ತು ಗುಂಡಿ ಒತ್ತುತ್ತಲೇ ಇದ್ದೆ ಎನ್ನುತ್ತಿದ್ದಳು. ಗುಂಡಿ ಒತ್ತಿದಾಗ ಸಹಾಯಕೇಂದ್ರಕ್ಕೆ ಕರೆ ಕಳಿಸುವ ಪ್ರೋಗ್ರಾಂ ಇವರ ಕಂಪನಿಯದು. ಕೇಂದ್ರಕ್ಕೆ ಕರೆ ಬಂದಿರಲಿಲ್ಲ.

"ಒತ್ತಿದ ದಾಖಲೆ ಇಲ್ಲ," ಎಂದ.

"ಅಂದ್ರೆ ಒತ್ತಿಲ್ಲ."

"ದಾಖಲೆ ಇಲ್ಲ ಅಂದೆ."

"ಅಷ್ಟನ್ನೇ ಬರ್ಕೊಡು. ಸುಳ್ಳೇನಲ್ವಲ್ಲ."

ಸುಳ್ಳಲ್ಲ. ಪತ್ರ ಬರೆದು ಸಹಿ ಹಾಕಿದ.

ಆ ಭಾಗವನ್ನು ಒಂಬತ್ತು ವರ್ಷದ ಹಿಂದೆ ಬರೆದವನು ಅವನೇ. ಕರೆ ತಲುಪಿದರೆ ಒಂದು ಸಾಲು ದಾಖಲಾಗುತ್ತಿತ್ತು. ತಲುಪದಿದ್ದರೆ ಏನೂ ಇಲ್ಲ. ಬರೆದ ದಿನ ಶುಕ್ರವಾರ; ತಲುಪದ ಕರೆಯನ್ನು ದಾಖಲಿಸುವ ಭಾಗವನ್ನು ಸೋಮವಾರ ಬರೆದರಾಯಿತು ಎಂದುಕೊಂಡಿದ್ದ. ಇವತ್ತು ಬೆಳಿಗ್ಗೆ ತೆರೆದು ನೋಡಿದಾಗ ಆ ಜಾಗ ಹಾಗೇ ಖಾಲಿಯಿತ್ತು. ಯಾರೂ ಮುಟ್ಟಿರಲಿಲ್ಲ. ತನ್ನದೇ ಹಳೆಯ ಅಕ್ಷರ ಕಂಡಂತೆ ಸಣ್ಣ ಸಂಕೋಚವಾಯಿತೇ ಹೊರತು ಹೆಚ್ಚೇನೂ ಆಗಲಿಲ್ಲ. ಏನೂ ಆಗದಿದ್ದುದೇ ಅವನಿಗೆ ಕಿರಿಕಿರಿ.

ಮಧ್ಯಾಹ್ನ ಲಿಫ್ಟನ್ನು ಪರೀಕ್ಷಿಸಲು ಹೋದ. ಗುಂಡಿ ಒತ್ತಿದ. ದೀಪ ಹತ್ತಿತು. ದೀಪ ಹತ್ತುವುದಕ್ಕೂ ಕರೆ ಹೋಗುವುದಕ್ಕೂ ಸಂಬಂಧವಿಲ್ಲವೆಂಬುದು ಅವನಿಗೆ ಗೊತ್ತಿತ್ತು.

ಆರನೆಯ ಮಹಡಿಯಲ್ಲಿ ಸ್ತೋಯ್ಕಾಳ ಮಗಳು ನೆದ್ಯಾಲ್ಕಾ ಬಾಗಿಲು ತೆರೆದಳು. ಅವನು ಕೊಟ್ಟ ಪತ್ರವನ್ನು ನಿಂತಲ್ಲೇ ಓದಿದಳು.

"ನೋಡಮ್ಮ, ನೀನು ಒತ್ತೇ ಇಲ್ವಂತೆ." ನಂತರ ಅವನತ್ತ ತಿರುಗಿ, "ಮೊನ್ನೆ ಒಲೆ ಆರಿಸಿದೀನಿ ಅಂದ್ಲು, ಉರೀತಾ ಇತ್ತು. ಈಗ ಇದು. ಗುರುವಾರ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಮರೆವು ಇರೋರಿಗೆ ಬೆಟ್ಟದ ಮೇಲೊಂದು ಮನೆ ಇದೆಯಂತೆ, ಚೆನ್ನಾಗಿ ನೋಡ್ಕೋತಾರಂತೆ. ಯಂತ್ರ ಸುಳ್ಳು ಹೇಳುತ್ತಾ, ನೀವೇ ಹೇಳಿ."

"ಯಂತ್ರ ಸುಳ್ಳು ಹೇಳಲ್ಲ," ಎಂದ.

ಮುದುಕಿ ಅಂಜೂರದ ಮುರಬ್ಬದ ತಟ್ಟೆಯನ್ನು ಅವನ ಮುಂದೆ ಸರಿಸಿದಳು. "ತಿನ್ನು. ಸಕ್ಕರೆ ಹಾಕಿದೀನಿ, ಅದು ನೆನಪಿದೆ."

ಮಗಳು ಫೋನು ಮಾಡಲು ಒಳಗೆ ಹೋದಳು. ಮುದುಕಿ ಬಲಗೈ ಹೆಬ್ಬೆರಳನ್ನು ಮೇಜಿನ ಮೇಲಿಟ್ಟಳು. ಉಗುರು ಬುಡದವರೆಗೂ ಕಪ್ಪಗಾಗಿತ್ತು.

"ಎಷ್ಟು ಸಲ ಒತ್ತಿದಿರಿ?"

"ಎಣಿಸ್ಲಿಲ್ಲ ಕಂದಾ. ನೀವು ಎಣಿಸ್ತಾ ಇರ್ತೀರಿ ಅಂದ್ಕೊಂಡಿದ್ದೆ."

ಹೇಳಬೇಕಾದದ್ದು ಒಂದೇ ಸಾಲು. ಏನಾಯಿತು, ಎಲ್ಲಿ, ಯಾವಾಗ. ಅದು ಅವನ ನಾಲಗೆಯ ಮೇಲೆ ಸಿದ್ಧವಾಗಿಯೂ ಇತ್ತು. ಒಳಗಿನಿಂದ ನೆದ್ಯಾಲ್ಕಾಳ ದನಿ ಕೇಳುತ್ತಿತ್ತು: ಹೌದು, ಗುರುವಾರ, ಹತ್ತೂವರೆಗೆ.

"ಮುರಬ್ಬ ಚೆನ್ನಾಗಿದೆ," ಎಂದ.

ಮುದುಕಿ ಬೆರಳನ್ನು ಹಿಂದಕ್ಕೆ ತೆಗೆದುಕೊಂಡು ಅಡುಗೆಯ ಏಪ್ರನ್ನಿನ ಜೇಬಿಗೆ ಸೇರಿಸಿದಳು.

ಮೆಟ್ಟಿಲಿಳಿದು ಬಂದ. ಕಟ್ಟಡದ ಬಾಗಿಲ ಮೇಲೆ, ಆ ಊರಿನ ಎಲ್ಲ ಬಾಗಿಲುಗಳಂತೆ, ಸತ್ತವರ ಹೆಸರು, ಚಿತ್ರ ಅಚ್ಚುಹಾಕಿಸಿ ಮನೆಯವರು ಅಂಟಿಸಿದ ಕಾಗದಗಳು. ಅವುಗಳಲ್ಲೊಂದು ಮಳೆಗೆ ತೊಯ್ದಿತ್ತು. ಅದರ ಮುಂದೆ ನಿಂತ.

ಸೊಪ್ಪಿನ ಚೀಲ ಹಿಡಿದ ಮುದುಕನೊಬ್ಬ ಪಕ್ಕಕ್ಕೆ ಬಂದ. "ಕನ್ನಡಕ ತಂದಿಲ್ಲ. ಏನಂತೆ ಅದರಲ್ಲಿ?"

"'ಎಂದೆಂದಿಗೂ ಮರೆಯೆವು.'"

"ಯಾರನ್ನ?"

ಒಗ್ನಿಯಾನ್ ಇನ್ನೂ ಹತ್ತಿರಕ್ಕೆ ಬಾಗಿದ. ಹೆಸರು ಅಳಿಸಿಹೋಗಿತ್ತು; ಮುಖವಿದ್ದ ಚೌಕದಲ್ಲಿ ನೀರು ಇಳಿದ ಗೆರೆಗಳಷ್ಟೇ ಇದ್ದವು.