ಎಡಚನ ಬಲಗೈ

ಪೆಟ್ಟಿಗೆಯ ಮೂಲೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಇನ್ನೂ ಖಾಲಿ ಪೆಟ್ಟಿಗೆ. ಮೇಲಕ್ಕೆ ಒಯ್ಯುವುದೇ ಇಷ್ಟು ಕಷ್ಟವಾದರೆ, ಮೇಷ್ಟ್ರನ್ನು ಮಲಗಿಸಿಕೊಂಡು ಕೆಳಗಿಳಿಸುವುದು ಹೇಗಪ್ಪಾ ಎಂದು ಎಲ್ಲರಿಗೂ ಒಳಗೊಳಗೇ ದಿಗಿಲು.

"ಸ್ವಲ್ಪ ಓರೆ ಮಾಡ್ರೋ! ಓರೆ ಅಂದ್ರೆ ಓರೆ, ತಲೆಕೆಳಗಲ್ಲ," ಎಂದು ಟೈಲರ್ ಮೇಲಿನ ಮೆಟ್ಟಿಲಿನಿಂದ ಕೂಗಿದ.

"ಬಾಯಿ ಹಾಕೋ ಬದ್ಲು ಕೈ ಹಾಕಿದ್ದಿದ್ರೆ ಇಷ್ಟೊತ್ತಿಗೆ ಒಳಗಿರ್ತಿತ್ತು," ಎಂದ ಕೆಳಗಿದ್ದ ಎಡಚ.

ಇಬ್ಬರೂ ಐವತ್ತು ದಾಟಿದವರು. ಟೈಲರನಿಗೆ ಪೇಟೆಯಲ್ಲಿ ಅಂಗಡಿಯಿದೆ, ಎಡಚ ಬಸ್ ಓಡಿಸುತ್ತಾನೆ. ಒಂದನೇ ತರಗತಿಯಲ್ಲಿ ಇಬ್ಬರಿಗೂ ಚೆಂಡು ಎಸೆಯಲು, ಹಿಡಿಯಲು ಕಲಿಸಿದವರು ಈ ಮನೆಯ ಆಟದ ಮೇಷ್ಟ್ರು. ನಿನ್ನೆ ಬೆಳಿಗ್ಗೆ ವಾಕಿಂಗಿಗೆ ಹೊರಟು, ಒಂದು ಬೂಟಿನ ಲೇಸು ಕಟ್ಟಿ, ಇನ್ನೊಂದಕ್ಕೆಂದು ಬಗ್ಗಿದವರು ಮತ್ತೆ ಏಳಲಿಲ್ಲ.

ಬಾಗಿಲ ಬಳಿ ಮೇಷ್ಟ್ರ ಮೊಮ್ಮಗಳು ಕೆಂಪು ರಬ್ಬರ್ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಣ್ಣ ಮಾಸಿ, ಮೈಯೆಲ್ಲ ಬಿರುಕು ಬಿಟ್ಟ ಚೆಂಡು. ಅದನ್ನು ತಾತನ ಜೊತೆಗೇ ಕಳಿಸಬೇಕೆಂದು ಅಜ್ಜಿ ಹೇಳಿದ್ದಳು. ಅಲ್ಲಿಯವರೆಗೂ ಅದರ ಕಾವಲು ತನ್ನದೆಂದು ಹುಡುಗಿ ತೀರ್ಮಾನಿಸಿಬಿಟ್ಟಿದ್ದಳು.

ಒಳಗೆ ಹೋದ ಮೇಲೆ ಟೈಲರ್ ಅಳತೆ ತೆಗೆಯುವವನಂತೆ ಎಲ್ಲರನ್ನೂ ಮೇಲಿಂದ ಕೆಳಗೆ ನೋಡಿದ.

"ನಮ್ಮ ಮೇಷ್ಟ್ರನ್ನ ಹೆಂಗೆಂಗೋ ಹೊರೋ ಹಾಗಿಲ್ಲ. ಬಲಗೈ ಹುಡುಗರು ಮೂರು ಜನ ಬಲಭುಜ ಕೊಡಿ, ಎಡಗೈ ಹುಡುಗರು ಮೂರು ಜನ ಎಡಭುಜ. ಅವರು ಹುಡುಕಿಕೊಟ್ಟ ಕೈ, ಅವರಿಗೇ ಆಗ್ಲಿ." ಹುಡುಗರೆಂದರೆ, ಅವರಲ್ಲಿ ತಲೆ ನರೆಯದವನು ಒಬ್ಬನೂ ಇರಲಿಲ್ಲ. "ಎಡಚ ಎಲ್ಲರಿಗಿಂತ ಮುಂದೆ. ಅದರಲ್ಲಿ ಮಾತೇ ಇಲ್ಲ."

"ಅಲ್ವೇ ಮತ್ತೆ," ಎಂದ ಮೇಷ್ಟ್ರ ಮಗ. ಅತ್ತು ಅತ್ತು ಅವನ ದನಿ ಬಿದ್ದುಹೋಗಿತ್ತು. "ಮೊನ್ನೆ ಕೂಡ ಅಪ್ಪ ಅದೇ ಕತೆ ಹೇಳಿದ್ರು. ಒಂದೇ ಚೆಂಡಿಗೆ ಎಡಚನ್ನ ಹಿಡಿದೆ ಅಂತ. ಸ್ಮಶಾನದಲ್ಲಿ ನಾಲ್ಕು ಮಾತಾಡು ಅಂದಿದ್ದಾರಲ್ಲ, ನಾನು ಅದನ್ನೇ ಹೇಳ್ತೀನಿ."

ಎಡಚನ ಎಡಭುಜ ಸವೆದುಹೋಗಿತ್ತು. ನೀರಿನ ಬಕೆಟ್ಟನ್ನೂ ಆ ಕೈಯಲ್ಲಿ ಎತ್ತಬೇಡ ಎಂದು ಡಾಕ್ಟರು ಗದರಿಸಿದ್ದರು. ಭುಜ ಕೊಟ್ಟರೆ ಆ ಹಾಳು ಮೆಟ್ಟಿಲಿನ ತಿರುವಿನಲ್ಲಿ ಮೇಷ್ಟ್ರು ಜಾರಿಯಾರು. ಕೊಡುವುದಿಲ್ಲವೆಂದರೆ ಯಾಕೆಂದು ಕೇಳುತ್ತಾರೆ, ಕೆದಕುತ್ತಾರೆ. ಕೆದಕಿದರೆ ಹೊರಬರುವುದು ಭುಜದ ನೋವೊಂದೇ ಅಲ್ಲ. ಎಡಚ ಹುಟ್ಟಿನಿಂದ ಎಡಚನೇ ಅಲ್ಲ. ಮೇಷ್ಟ್ರು ಜೀವಮಾನವೆಲ್ಲ ಮೀಸೆ ತಿರುವಿ ಹೇಳಿಕೊಂಡ ಕತೆ ಅವರ ಮಣ್ಣಿನ ದಿನವೇ ಸುಳ್ಳಾಗಿಬಿಡುತ್ತದೆ.

*

ಒಂದನೇ ತರಗತಿಯ ಮಕ್ಕಳು ಮೊದಲ ಸಲ ಮೈದಾನಕ್ಕೆ ಬಂದಾಗ ಮೇಷ್ಟ್ರು ಯಾರ ಕೈಗೂ ಚೆಂಡು ಕೊಡುತ್ತಿರಲಿಲ್ಲ. ಕೊಟ್ಟರೆ, ಕೊಟ್ಟ ಕಡೆಯ ಕೈ ಮುಂದೆ ಬರುತ್ತದೆ. ಒಂದೊಂದೇ ಮಗುವನ್ನು ಕರೆದು, ಅದರ ಎರಡು ಪಾದಗಳ ನಟ್ಟನಡುವೆ ಚೆಂಡಿಟ್ಟು, ತಾವು ಬಗ್ಗಿ ಬೂಟಿನ ಲೇಸು ಕಟ್ಟುವವರಂತೆ ನಟಿಸುತ್ತಿದ್ದರು. ದೊಡ್ಡವರು ನೋಡುತ್ತಿದ್ದಾರೆಂದು ಗೊತ್ತಾದರೆ ಮಗು ದೊಡ್ಡವರಿಗೆ ಬೇಕಾದ ಕೈಯನ್ನೇ ಚಾಚುತ್ತದಂತೆ. "ಮಕ್ಕಳ ಕೈ ತಿದ್ದಬಾರದು ಕಣ್ರೀ, ಹುಡುಕಬೇಕು," ಎಂದು ಹೆಡ್ಮಾಸ್ತರರ ಹತ್ತಿರವೂ ವಾದಿಸಿದ್ದರು.

ಆಗ ಈ ಹುಡುಗನಿಗೆ ಎಡಚ ಎಂಬ ಹೆಸರಿರಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಯಾವ ಹೆಸರೂ ಇದ್ದಂತಿರಲಿಲ್ಲ. ಮನೆತುಂಬ ಮಕ್ಕಳು, ಇವನು ಕೊನೆಯವನು. ಇವನನ್ನು ಕರೆಯಬೇಕಾದರೆ ತಾಯಿ ಮೊದಲು ಅಣ್ಣಂದಿರ ಹೆಸರನ್ನೆಲ್ಲ ಹೇಳಿ ಮುಗಿಸಿ, ಕೊನೆಗೆ "ನೀನೇ ಕಣೋ, ಬಾರೋ" ಎನ್ನುತ್ತಿದ್ದಳು.

ಅವತ್ತು ಬೆಳಿಗ್ಗೆ ಕ್ಲಾಸಿನಲ್ಲಿ ಅವನ ಮೊದಲ ಹಾಲುಹಲ್ಲು ಬಿದ್ದಿತ್ತು. ಅಂಗಿಗೆ ಜೇಬಿಲ್ಲ. ನೆಲದ ಮೇಲಿಟ್ಟರೆ ಕಳೆದುಹೋಗುತ್ತದೆ. ಹಲ್ಲನ್ನು ಬಲಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಮೈದಾನಕ್ಕೆ ಬಂದ. ಕಾಲ ನಡುವೆ ಚೆಂಡು ಬಂತು. ಖಾಲಿ ಇದ್ದದ್ದು ಎಡಗೈ. ಎತ್ತಿಕೊಂಡ.

"ಅಬ್ಬಬ್ಬಬ್ಬಾ! ಬಂದ ನೋಡ್ರಪ್ಪಾ! ಎಡಚ! ಅಪ್ಪಟ ಎಡಚ!"

ಮೇಷ್ಟ್ರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನ ಸುತ್ತಿದರು. ಅಣ್ಣಂದಿರ ನೆತ್ತಿ ಹೇಗಿರುತ್ತದೆಂದು ಅವನು ಮೊದಲ ಸಲ ನೋಡಿದ್ದು ಆವತ್ತೇ. ಎಲ್ಲರೂ ಕತ್ತೆತ್ತಿ ಇವನನ್ನೇ ನೋಡುತ್ತಿದ್ದರು. ಈಗ ಮುಷ್ಟಿ ಬಿಚ್ಚಿದರೆ ಕೆಳಗಿಳಿಸುತ್ತಾರೆಂದು ಆ ಪುಟ್ಟ ತಲೆಗೂ ಹೊಳೆಯಿತು. ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಆಮೇಲೆ ಬಿದ್ದ ಪಾಡು ಅಷ್ಟಿಷ್ಟಲ್ಲ. ಎಡಗೈಯಲ್ಲಿ ಎಸೆದ ಚೆಂಡು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಹಾರುತ್ತಿತ್ತು. ಒಮ್ಮೆ ಹೆಡ್ಮಾಸ್ತರರ ಕಿಟಕಿಯನ್ನೂ ಸೇರಿತು. ಆದರೂ ಬಿಡಲಿಲ್ಲ. ಮನೆಯ ಹಿಂದಿನ ಗೋಡೆಗೆ ಹೊಡೆದು ಹೊಡೆದು, ಕೊನೆಗೂ ಶಾಲೆಯ ತಂಡಕ್ಕೆ ಸೇರಿದ. ಬರೆಯುವುದು, ಉಣ್ಣುವುದು ಮಾತ್ರ ಬಲಗೈಯಲ್ಲೇ. "ಪಾಪ, ಮನೆಯವರು ತಿದ್ದಿಬಿಟ್ಟಿದ್ದಾರೆ," ಎಂದು ಬೇರೆ ಮೇಷ್ಟ್ರುಗಳು ಲೊಚಗುಟ್ಟುತ್ತಿದ್ದರು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಒಂದು ವಿಚಿತ್ರವೆಂದರೆ, ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಮೇಷ್ಟ್ರು ಇವನೊಬ್ಬನನ್ನು ನಿಲ್ಲಿಸಿಕೊಳ್ಳುತ್ತಿದ್ದರು. "ಎಡಚನಾದವನಿಗೆ ಬಲಗೈಯೂ ಗಟ್ಟಿ ಇರ್ಬೇಕು. ಎಸಿ, ನೋಡೋಣ." ಉಳಿದ ಎಡಗೈ ಮಕ್ಕಳಿಗೆ ಈ ಪಾಠವೇ ಇರಲಿಲ್ಲ. ಗುಟ್ಟು ಬಯಲಾದೀತೆಂದು ಹುಡುಗ ಬೇಕೆಂದೇ ಸೊಟ್ಟಗೆ ಎಸೆಯುತ್ತಿದ್ದ. "ಪರವಾಗಿಲ್ಲ, ಇನ್ನೊಂದು," ಎನ್ನುವರು ಮೇಷ್ಟ್ರು. ಒಮ್ಮೆ ಮೈಮರೆತು ಎಸೆದುಬಿಟ್ಟ. ಚೆಂಡು ನೆಟ್ಟಗೆ ಹೋಗಿ ದೂರದ ಗುರಿಗೋಲನ್ನು ಉರುಳಿಸಿತು. ಮೇಷ್ಟ್ರು ನಿಧಾನವಾಗಿ ನಡೆದುಹೋಗಿ, ಕೋಲನ್ನು ಎತ್ತಿ ನಿಲ್ಲಿಸಿ, ಆಕಾಶ ನೋಡಿ ಹೇಳಿದರು:

"ಗಾಳಿ ಜೋರಾಗಿದೆ ಕಣೋ ಇವತ್ತು."

ಒಂದು ಎಲೆಯೂ ಅಲುಗುತ್ತಿರಲಿಲ್ಲ.

*

"ಎಡಚ, ಇಲ್ಲಿ ಬಾಪ್ಪಾ," ಎಂದು ಮೇಷ್ಟ್ರ ಹೆಂಡತಿ ಅಡುಗೆಮನೆಯಿಂದ ಕರೆದಳು. "ಆ ಮೇಲಿನ ಡಬ್ಬಿ ತೆಗೆದುಕೊಡು. ಬಂದೋರಿಗೆ ಒಂದು ಲೋಟ ಚಹಾನಾದ್ರೂ ಬೇಡ್ವಾ?"

ಅವನು ಕೈ ಚಾಚಿ ಸಕ್ಕರೆ ಡಬ್ಬಿ ಇಳಿಸಿದ. ಅವಳು ಡಬ್ಬಿಯನ್ನು ನೋಡಲಿಲ್ಲ, ಅವನ ಕೈಯನ್ನು ನೋಡಿದಳು. ಬಲಗೈ.

"ಎಡಭುಜ ತುಂಬ ನೋಯ್ತಿದ್ಯಾ?"

"ಏನಿಲ್ಲ ಅಮ್ಮಾ. ಸ್ವಲ್ಪ…"

"ನೋಯದೆ ಇನ್ನೇನು? ನಿಂದಲ್ಲದ ಕೈಯಲ್ಲಿ ಅಷ್ಟು ವರ್ಷ ಎಸೆದ್ರೆ."

ಅವಳು ಎಡಚನ ಕೈಯಿಂದ ಡಬ್ಬಿ ಇಸಿದುಕೊಂಡು ಕೆಳಗಿಟ್ಟಳು.

"ಅವರಿಗೆ ಗೊತ್ತಿತ್ತು ಕಣೋ. ನೀನು ಶಾಲೆ ಸೇರಿ ಇನ್ನೂ ವಾರ ಆಗಿರಲಿಲ್ಲ. ಬೀದಿನಾಯಿ ಅಟ್ಟಿಸಿಕೊಂಡು ಬಂದಾಗ ಬಲಗೈಯಲ್ಲಿ ಕಲ್ಲು ಎತ್ತಿದೆಯಂತೆ. ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ್ರು. 'ಮೋಸ ಹೋದೆ ಕಣೇ, ಎಡವಟ್ಟು ಮಾಡಿಬಿಟ್ಟೆ' ಅಂತ."

"ಹಂಗಾದ್ರೆ ಯಾಕಮ್ಮಾ ಹೇಳಲಿಲ್ಲ?"

"ಹೇಳಿಬಿಡಿ ಅಂತ ನಾನೂ ಅಂದೆ. 'ಹೇಗೆ ಹೇಳ್ಲಿ? ಆ ಹೆಸರು ಅವನ ಮೈಮೇಲೆ ಹೊಸ ಅಂಗಿ ಹಾಗೆ ಕೂತಿದೆ, ಬಿಚ್ಚಿಸೋಕೆ ನನ್ನ ಕೈಲಾಗಲ್ಲ' ಅಂದ್ರು. ಸಂಜೆ ನಿಲ್ಲಿಸ್ಕೊಂಡು ಬಲಗೈಗೆ ಕಲಿಸಿದ್ರೆ ನೀನಾಗೇ ಬದಲಾಯಿಸ್ಕೋತೀಯ ಅಂತ ಕಾದ್ರು."

"ನಾನು ಬೇಕಂತ್ಲೇ ಸೊಟ್ಟ ಎಸೀತಿದ್ದೆ ಅಮ್ಮಾ."

"ಅದೂ ಗೊತ್ತಿತ್ತು! ಬಂದು ಬಿದ್ದು ಬಿದ್ದು ನಗ್ತಿದ್ರು. ಅಷ್ಟು ಅಚ್ಚುಕಟ್ಟಾಗಿ ಸೊಟ್ಟ ಎಸೆಯೋಕೆ ಬಲಗೈಯವನಿಗೆ ಮಾತ್ರ ಸಾಧ್ಯ ಕಣೇ ಅಂತ."

ಎಡಚನಿಗೆ ನಗು ಬಂತು, ಅದರ ಹಿಂದೆಯೇ ಅಳು ಒತ್ತರಿಸಿಕೊಂಡು ಬಂತು. ಬೆಳಗಿನಿಂದ ತಡೆದುಕೊಂಡಿದ್ದವನು ಸಕ್ಕರೆ ಡಬ್ಬಿಯ ಮುಂದೆ ನಿಂತು ಮಗುವಿನ ಹಾಗೆ ಅತ್ತ. ಅಷ್ಟು ವರ್ಷ ತಾನು ಮೇಷ್ಟ್ರನ್ನು ಕಾಪಾಡುತ್ತಿದ್ದೇನೆಂದು ನಂಬಿದ್ದ.

"ಮತ್ತೆ ಆ ಕತೆ? ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ರಲ್ಲ?"

"ನೀನು ಇದ್ದಾಗ್ಲೇ ಜಾಸ್ತಿ ಹೇಳ್ತಿದ್ರು, ಗಮನಿಸಿದ್ದೀಯಾ? ಕೇಳುವಾಗ ನಿನ್ನ ಮುಖ ಅರಳೋದು. ಅದನ್ನ ನೋಡೋಕೆ," ಎಂದು ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ನಡುಮನೆಗೆ ಹೋಗಿ ದನಿ ಎತ್ತಿದಳು. "ಟೈಲರ್, ಎಡಚ ಬಲಭುಜ ಕೊಡ್ತಾನೆ. ಮೆಟ್ಟಿಲಿನ ಗೋಡೆ ಕಡೆಗೆ ಎತ್ತರದವನೇ ಬೇಕು."

"ಅಯ್ಯೋ, ಎಲ್ಲಾದ್ರೂ ಉಂಟಾ ಅಮ್ಮಾ? ಎಡಚನ್ನ ಬಲಕ್ಕೆ ಹಾಕಿದ್ರೆ ಮೇಷ್ಟ್ರು ಎದ್ದು ಬೈತಾರೆ."

"ಬೈಯಲಿ. ಅದಕ್ಕಾದ್ರೂ ಏಳಲಿ," ಎಂದಳು ಅವಳು.

ಆರು ಜನ ಪೆಟ್ಟಿಗೆಯನ್ನು ಎತ್ತಿದರು. ತಿರುವಿನಲ್ಲಿ ಭಾರವೆಲ್ಲ ಒಂದು ಗಳಿಗೆ ಎಡಚನ ಬಲಭುಜದ ಮೇಲೆ ಬಂತು. ಅವನು ಉಸಿರು ಬಿಗಿಹಿಡಿದು ನಿಂತ. ಪೆಟ್ಟಿಗೆ ಗೋಡೆಗೆ ತಾಗಲಿಲ್ಲ, ವಾಲಲಿಲ್ಲ.

*

ಸ್ಮಶಾನದಲ್ಲಿ ಮಗ ಕತೆ ಹೇಳಿದ. ಅಪ್ಪನ ಹಾಗೆಯೇ "ಅಬ್ಬಬ್ಬಬ್ಬಾ" ಎಂದು ಕೈ ಮೇಲೆತ್ತಿದಾಗ ಅಳುತ್ತಿದ್ದವರೂ ನಕ್ಕರು. ಎಡಚ ಮೇಷ್ಟ್ರ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು, ತುಟಿಯ ತುದಿ ಮಾತ್ರ ಅದುರುತ್ತಿತ್ತು.

"ಆ ಚೆಂಡು ಎಡಚನಿಗೆ ಕೊಡು ಪುಟ್ಟಾ," ಎಂದಳು ಮೊಮ್ಮಗಳಿಗೆ. "ಅವನೇ ಹಾಕಲಿ."

"ಕೈಗೆ ಕೊಡಬಾರದು ಅಜ್ಜಿ," ಎಂದು ಹುಡುಗಿ ಮುಖ ಗಂಟಿಕ್ಕಿದಳು. ಎಡಚನ ಮುಂದೆ ಬಂದು, ಅವನ ಎರಡು ಪಾದಗಳ ನಟ್ಟನಡುವೆ ಚೆಂಡನ್ನಿಟ್ಟಳು. ಸ್ವಲ್ಪ ಪಕ್ಕಕ್ಕಿದೆ ಎನ್ನಿಸಿ ಮತ್ತೆ ಸರಿ ಮಾಡಿದಳು. ಆಮೇಲೆ ಆಚೆ ತಿರುಗಿ, ಬಗ್ಗಿ, ಕಟ್ಟಿಯೇ ಇದ್ದ ತನ್ನ ಬೂಟಿನ ಲೇಸನ್ನು ಕಟ್ಟತೊಡಗಿದಳು.

ಎಡಚ ಬಗ್ಗಿದ. ನೋವಿಗೆ ಹಲ್ಲು ಕಚ್ಚಿ ಎಡಗೈ ಚಾಚಿ ಚೆಂಡನ್ನು ಎತ್ತಿಕೊಂಡ. ಬಲಗೈ ಬೆನ್ನ ಹಿಂದಿತ್ತು, ಬಿಗಿಯಾಗಿ ಮುಷ್ಟಿ ಕಟ್ಟಿಕೊಂಡು.